ಸಂಕ್ರಾಂತಿಗೊಂದು ಗೊಂಬೆಚಿತ್ರ: ಮನೆಯಲ್ಲೇ ಸ್ಟಾಪ್ ಮೋಷನ್ ಕಿರುಚಿತ್ರ ತಯಾರಿಸುವ ಸಮಗ್ರ ಮಾರ್ಗದರ್ಶಿ

ಗೊಂಬೆಯನ್ನು ತುಸುವೇ ಸರಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸಿ ಇನ್ನೊಂದು ತೆಗೆಯುವುದು, ಹೀಗೆ ತೆಗೆದ ನೂರಾರು ಸ್ಥಿರಚಿತ್ರಗಳನ್ನು ಒಂದರ ಹಿಂದೊಂದರಂತೆ ವೇಗವಾಗಿ ತೋರಿಸಿ ಗೊಂಬೆ ತಾನಾಗಿಯೇ ನಡೆದಂತೆ ಕಾಣಿಸುವುದು: ಸ್ಟಾಪ್ ಮೋಷನ್ ತಂತ್ರದ ತಿರುಳು ಇಷ್ಟೇ. ಇದು ನಮ್ಮ ದೇಶಕ್ಕೆ ಹೊಸದೇನಲ್ಲ. ದಾದಾಸಾಹೇಬ್ ಫಾಲ್ಕೆ ತಮ್ಮ ಮೊದಲ ಕಥಾಚಿತ್ರಕ್ಕೆ ಹಣ ಹೊಂದಿಸುವ ಮುನ್ನ, 1912ರಲ್ಲಿ, ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ಹೀಗೆಯೇ ಬಿಡಿಬಿಡಿಯಾಗಿ ಸೆರೆಹಿಡಿದು, ಆ ತುಣುಕನ್ನು ತೋರಿಸಿ ಹಣ ಹೂಡುವವರನ್ನು ಒಪ್ಪಿಸಿದ್ದರು. ಆದರೆ ಈ ತಂತ್ರಕ್ಕೂ ಹಬ್ಬಕ್ಕೂ ಗಂಟು ಬಿದ್ದದ್ದು ಹೆಚ್ಚಾಗಿ ಕ್ರಿಸ್‌ಮಸ್ ಆಚರಿಸುವ ನಾಡುಗಳಲ್ಲಿ. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫನ ಕಥೆ 1964ರ ಡಿಸೆಂಬರಿನಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಮೊದಲು ಪ್ರಸಾರವಾಯಿತು. ಅದರ ಗೊಂಬೆಗಳನ್ನು ಆಡಿಸಿ ಚಿತ್ರೀಕರಿಸಿದವರು ಜಪಾನಿನ ತದಾಹಿತೊ ಮೊಚಿನಾಗ ಅವರ ತಂಡದವರು. ಆ ಚಿತ್ರ ಇಂದಿಗೂ ಪ್ರತಿವರ್ಷ ಹಬ್ಬದ ಹೊತ್ತಿಗೆ ಮರುಪ್ರಸಾರವಾಗುತ್ತಿದೆ.

ಅರವತ್ತು ವರ್ಷ ಹಳೆಯ ಗೊಂಬೆಗಳ ಚಲನೆಯಲ್ಲಿ ತಡವರಿಕೆ ಕಾಣುತ್ತದೆ, ಆದರೂ ನೋಡುಗರು ಅದನ್ನು ದೂರುವುದಿಲ್ಲ. ಕೈಯಿಂದ ಮಾಡಿದ್ದೆಂದು ಗೊತ್ತಾಗುವುದೇ ಅಲ್ಲಿ ಸೊಗಸು. ನಮ್ಮ ಸಂಕ್ರಾಂತಿಯೂ ಹಾಗೆಯೇ ಕೈಕೆಲಸದ ಹಬ್ಬ. ಅಂಗಳದ ರಂಗೋಲಿ, ಅಚ್ಚಿನಿಂದ ಬಿಡಿಸಿದ ಸಕ್ಕರೆ ಗೊಂಬೆ, ಹೆಚ್ಚಿಟ್ಟ ಕೊಬ್ಬರಿ, ಎತ್ತಿನ ಕೊಂಬಿಗೆ ಬಳಿದ ಬಣ್ಣ, ಯಾವುದೂ ಯಂತ್ರದಷ್ಟು ನೇರವಾಗಿರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಗೆ ಮಂಡ್ಯ ಸೀಮೆಯ ಸಂಕ್ರಾಂತಿಯನ್ನೇ ಆರಿಸಿಕೊಂಡಿದ್ದೇನೆ. ಅದರಲ್ಲೂ ಸಂಜೆ ರಾಸುಗಳನ್ನು ಕಿಚ್ಚು ಹಾಯಿಸುವ ಆಚರಣೆಯನ್ನು. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬೆರಳಿನ ಗುರುತು, ಸಣ್ಣ ಅಲುಗಾಟ, ಬಟ್ಟೆಯ ಸುಕ್ಕು, ಇವನ್ನೆಲ್ಲ ನೋಡುಗ ಕ್ಷಮಿಸುತ್ತಾನೆ. ಗೊಂಬೆಗೆ ಭಾರವೇ ಇಲ್ಲವೆಂದು ತೋರಿದರೆ ಮಾತ್ರ ಕ್ಷಮಿಸುವುದಿಲ್ಲ. ಹೋರಿ ನೆಲದ ಮೇಲೆ ತೇಲಿದಂತೆ ಕಂಡರೆ ಅದರ ಮುಖ ಎಷ್ಟೇ ಚೆಂದವಿರಲಿ, ಅದು ಸ್ಪಂಜು ಮತ್ತು ತಂತಿಯಾಗಿಯೇ ಉಳಿಯುತ್ತದೆ. ಮುಂದೆ ಹೇಳುವ ಹಂತಗಳಲ್ಲಿ ಬಹುಪಾಲು ಆ ಭಾರವನ್ನು ತರುವುದಕ್ಕಾಗಿಯೇ ಇವೆ.

ಕಥೆ ಮತ್ತು ಲೆಕ್ಕ

ಕಥೆ ಮೂರು ವಾಕ್ಯ ಮೀರದಿರಲಿ. ಉದಾಹರಣೆಗೆ: ಬೆಳಿಗ್ಗೆ ಹುಡುಗಿಯೊಬ್ಬಳು ಮನೆಯ ಎಳೆಯ ಹೋರಿಯ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಾಳೆ. ಸಂಜೆ ಊರಿನ ರಾಸುಗಳೆಲ್ಲ ಕಿಚ್ಚು ಹಾಯುತ್ತವೆ, ಈ ಹೋರಿ ಮಾತ್ರ ಬೆಂಕಿಯ ಮುಂದೆ ನಿಂತುಬಿಡುತ್ತದೆ. ಹುಡುಗಿ ಹಗ್ಗ ಸಡಿಲಿಸಿ ಪಕ್ಕಕ್ಕೆ ಸರಿಯುತ್ತಾಳೆ, ಹೋರಿ ತಾನಾಗಿಯೇ ಜಿಗಿಯುತ್ತದೆ. ಇಲ್ಲಿ ಇಬ್ಬರೇ ಪಾತ್ರಧಾರಿಗಳು, ಎರಡೇ ಸ್ಥಳಗಳು, ಒಂದೇ ದೊಡ್ಡ ಚಲನೆ. ಉಳಿದ ರಾಸುಗಳನ್ನು ತೋರಿಸಲೇಬೇಕಾಗಿಲ್ಲ. ಗೋಡೆಯ ಮೇಲೆ ಸರಿದುಹೋಗುವ ನೆರಳು ಮತ್ತು ಗಂಟೆಯ ಸದ್ದು ಸಾಕು. ಆ ನೆರಳಿಗೆ ರಟ್ಟಿನಲ್ಲಿ ಕತ್ತರಿಸಿದ ಆಕಾರವೊಂದಿದ್ದರೆ ಆಯಿತು.

ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಂತೆ, ಎಂದರೆ 24 ಸ್ಥಿರಚಿತ್ರಗಳಂತೆ ಓಡುತ್ತದೆ. ಸ್ಟಾಪ್ ಮೋಷನ್‌ನಲ್ಲಿ ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮು ಉಳಿಸಿಕೊಳ್ಳುವುದು ರೂಢಿ, ಎಂದರೆ ಸೆಕೆಂಡಿಗೆ 12 ಚಿತ್ರ. ಒಂದು ನಿಮಿಷದ ಚಿತ್ರದಲ್ಲಿ ಶೀರ್ಷಿಕೆಗೂ ಕೊನೆಯ ಹೆಸರುಗಳಿಗೂ 10 ಸೆಕೆಂಡು ಕಳೆದರೆ ಉಳಿಯುವುದು 50 ಸೆಕೆಂಡು, ಅಂದರೆ 600 ಚಿತ್ರ. ಗಂಟೆಗೆ 30 ಚಿತ್ರ ತೆಗೆದರೂ 20 ಗಂಟೆಗಳ ಕೆಲಸವಾಯಿತು. ಗೊಂಬೆ, ಅಂಗಳ, ಬೆಳಕಿನ ಸಿದ್ಧತೆ ಇದರ ಹೊರಗೆ. ವೃತ್ತಿಪರ ಸ್ಟುಡಿಯೋಗಳಲ್ಲಿಯೂ ಒಬ್ಬ ಅನಿಮೇಟರ್ ಒಂದು ದಿನದಲ್ಲಿ ಮುಗಿಸುವುದು ಕೆಲವೇ ಸೆಕೆಂಡುಗಳ ಚಿತ್ರವನ್ನು. ಜನವರಿ 14 ಅಥವಾ 15ಕ್ಕೆ ಚಿತ್ರ ಕೈಗೆ ಬರಬೇಕಾದರೆ ದೀಪಾವಳಿ ಮುಗಿಯುತ್ತಿದ್ದಂತೆ ಗೊಂಬೆಗೆ ಕೈಹಾಕುವುದು ಕ್ಷೇಮ.

ಕಥೆಯನ್ನು ಎಂಟು ಹತ್ತು ಶಾಟುಗಳಾಗಿ ಒಡೆದು, ಪ್ರತಿಯೊಂದಕ್ಕೂ ಒಂದು ಒರಟು ಚಿತ್ರ ಬರೆದು, ಆ ಚಿತ್ರಗಳನ್ನು ಫೋನಿನಲ್ಲಿ ತೆಗೆದು, ಅಂದುಕೊಂಡಷ್ಟು ಹೊತ್ತು ಒಂದೊಂದನ್ನೂ ಪರದೆಯ ಮೇಲೆ ನಿಲ್ಲಿಸಿ ನೋಡಿ. ಎಲ್ಲಿ ಬೇಸರವಾಗುತ್ತದೆ, ಎಲ್ಲಿ ಅವಸರವಾಗುತ್ತದೆ ಎಂಬುದು ಇಲ್ಲಿಯೇ ತಿಳಿಯುತ್ತದೆ. ಗೊಂಬೆಯನ್ನು ಆಡಿಸಿ ಮುಗಿಸಿದ ಮೇಲೆ ಐದು ಸೆಕೆಂಡು ಕತ್ತರಿಸಿ ಎಸೆಯುವುದೆಂದರೆ ಎರಡು ಗಂಟೆಗಳ ದುಡಿಮೆಯನ್ನು ಎಸೆದಂತೆ.

ಹೋರಿಯ ಒಳಹಂದರ

ನಮ್ಮ ಭಾಗದ ಹೋರಿ ಎಂದರೆ ಹಳ್ಳಿಕಾರ್. ಉದ್ದ ಮುಖ, ಉಬ್ಬಿದ ಹಣೆ, ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಕೊಂಬು, ಬೂದು ಮೈ, ಸಪೂರ ಕಾಲು. ಈ ಲಕ್ಷಣಗಳನ್ನು ಹಿಡಿದರೆ ಗೊಂಬೆ ‘ಯಾವುದೋ ಹಸು’ ಆಗದೆ ಮಂಡ್ಯದ ಹೋರಿಯಾಗುತ್ತದೆ. ನಿಜದ ಅಳತೆಯ ಹತ್ತನೇ ಒಂದು ಭಾಗ ಅನುಕೂಲಕರವಾದ ಗಾತ್ರ. ನಾಲ್ಕಡಿ ಎತ್ತರದ ಎಳೆಯ ಹೋರಿ 12 ಸೆಂಟಿಮೀಟರ್ ಆಗುತ್ತದೆ, ಹತ್ತಿರಹತ್ತಿರ ಅಷ್ಟೇ ಎತ್ತರದ ಹುಡುಗಿಯೂ ಅಷ್ಟೇ. ಇದಕ್ಕಿಂತ ಚಿಕ್ಕದಾದರೆ ಬೆರಳು ಆಡುವುದಿಲ್ಲ. ದೊಡ್ಡದಾದರೆ ಅಂಗಳವೂ ಮನೆಯೂ ಬೆಳೆದು ಮೇಜು ಸಾಲದಾಗುತ್ತದೆ.

ಒಳಗಿನ ಹಂದರಕ್ಕೆ ಅಲ್ಯೂಮಿನಿಯಂ ತಂತಿಯೇ ಆಗಬೇಕು. ಗಡುಸಾದ ಉಕ್ಕಿನ ತಂತಿ ಬಗ್ಗಿಸಿದಷ್ಟೂ ಹಿಂದಕ್ಕೆ ಚಿಮ್ಮುತ್ತದೆ; ತಾಮ್ರದ ತಂತಿ ನಾಲ್ಕಾರು ಸಲ ಬಗ್ಗಿಸುವಷ್ಟರಲ್ಲಿ ಗಡುಸಾಗುತ್ತದೆ. ಬೆನ್ನೆಲುಬಿಗೆ 3 ಮಿಲಿಮೀಟರ್ ದಪ್ಪದ ತಂತಿ, ಕಾಲು ಮತ್ತು ಕುತ್ತಿಗೆಗೆ ಎರಡೆಳೆ ಸೇರಿಸಿ ಹುರಿಗೊಳಿಸಿದ 1.5 ಮಿಲಿಮೀಟರ್ ತಂತಿ, ಬಾಲಕ್ಕೂ ಕಿವಿಗೂ ತೆಳುವಾದ ಒಂಟಿ ಎಳೆ ಸಾಕು. ತಂತಿಯನ್ನು ಹಾಗೆಯೇ ಬಿಟ್ಟರೆ ಕಾಲು ಎಲ್ಲೆಂದರಲ್ಲಿ ಬಾಗಿ ರಬ್ಬರಿನಂತೆ ಕಾಣುತ್ತದೆ. ಹೋರಿಯ ಕಾಲು ಮಡಿಯುವುದು ಕೀಲುಗಳಲ್ಲಿ ಮಾತ್ರ; ಆದ್ದರಿಂದ ಕೀಲಿನಿಂದ ಕೀಲಿನವರೆಗೆ, ಮೂಳೆ ಇರಬೇಕಾದ ಜಾಗದಲ್ಲಿ, ಎಂ-ಸೀಲ್ ಮೆತ್ತಿ ಒಣಗಿಸಿ. ಹಿಂಗಾಲಿನ ಮಧ್ಯದ ಕೀಲು ಹಿಂದಕ್ಕೆ ಚಾಚಿರುತ್ತದೆ, ಮುಂಗಾಲಿನ ಮಂಡಿ ಮುಂದಕ್ಕಿರುತ್ತದೆ. ಇವು ಅದಲುಬದಲಾದರೆ ಮುಂದೆ ಎಷ್ಟು ಆಡಿಸಿದರೂ ನಡಿಗೆ ಸರಿಹೋಗುವುದಿಲ್ಲ.

ಗೊರಸಿನೊಳಗೆ ಒಂದೊಂದು ಪುಟ್ಟ ನಟ್ಟನ್ನು ಎಂ-ಸೀಲ್‌ನಲ್ಲಿ ಹೂತಿಡಿ. ಭಾರದ ಮೊದಲ ಗುಟ್ಟು ಇಲ್ಲಿದೆ. ಅಂಗಳದ ಹಲಗೆಗೆ ಕೆಳಗಿನಿಂದ ತೂತು ಕೊರೆದು, ನೆಲಕ್ಕೂರಿದ ಕಾಲಿನ ನಟ್ಟಿಗೆ ಸ್ಕ್ರೂ ತಿರುಗಿಸಿ ಬಿಗಿದರೆ ಹೋರಿ ಮೂರು ಕಾಲಿನ ಮೇಲೆಯೋ ಎರಡರ ಮೇಲೆಯೋ ಅಲುಗದೆ ನಿಲ್ಲುತ್ತದೆ, ಊರಿದ ಕಾಲು ಜಾರುವುದಿಲ್ಲ. ಜಾರುವ ಕಾಲಿನಷ್ಟು ಬೇಗ ಭಾರವನ್ನು ಕೊಲ್ಲುವುದು ಬೇರೊಂದಿಲ್ಲ. ತೂತು ಕೊರೆಯುವುದು ಬೇಡವೆನ್ನುವವರು ಗೊರಸಿನೊಳಗೆ ಕಬ್ಬಿಣದ ತುಂಡಿಟ್ಟು, ತೆಳು ಹಲಗೆಯ ಅಡಿಯಲ್ಲಿ ಬಲವಾದ ಅಯಸ್ಕಾಂತ ಹಿಡಿಸಬಹುದು. ಆದರೆ ಜಿಗಿತಕ್ಕೆ ಮೊದಲು ಹೋರಿ ಮುಂದಕ್ಕೆ ವಾಲುವ ಭಂಗಿಯಲ್ಲಿ ಸ್ಕ್ರೂ ಕೊಡುವಷ್ಟು ಭರವಸೆಯನ್ನು ಅದು ಕೊಡುವುದಿಲ್ಲ.

ಮೈಗೆ ತೆಳು ಸ್ಪಂಜು ಸುತ್ತಿ ದಾರದಿಂದ ಬಿಗಿದು, ಮೇಲೆ ಬೂದು ಬಣ್ಣದ, ಹಿಗ್ಗುವ ಬನಿಯನ್ ಬಟ್ಟೆ ಹೊಲಿಯಿರಿ. ಉದ್ದ ಕೂದಲಿನ ಬಟ್ಟೆ ಬೇಡ. 1933ರ ‘ಕಿಂಗ್ ಕಾಂಗ್’ ಚಿತ್ರದ ವಾನರನ ತುಪ್ಪಳ ತಾನಾಗಿಯೇ ಕುದಿಯುತ್ತಿರುವಂತೆ ಕಾಣಲು ಕಾರಣ, ಪ್ರತಿ ಫ್ರೇಮಿಗೂ ಆಡಿಸುವವರ ಬೆರಳು ಅದನ್ನು ಕೆದಕುತ್ತಿದ್ದದ್ದೇ. ಹುಡುಗಿಯ ಲಂಗಕ್ಕೂ ಇದೇ ಮಾತು: ತೆಳು ಬಟ್ಟೆಯ ಒಳಬದಿಗೆ ನೀರು ಬೆರೆಸಿದ ಫೆವಿಕಾಲ್ ಬಳಿದು ಒಣಗಿಸಿದರೆ ನೆರಿಗೆ ನಿಂತಲ್ಲೇ ನಿಲ್ಲುತ್ತದೆ. ಮುಖಗಳಿಗೆ ಎಣ್ಣೆಯ ಅಂಶವಿರುವ, ಒಣಗದ ಕ್ಲೇ ಸೂಕ್ತ. ಕುಂಬಾರರ ಜೇಡಿಮಣ್ಣು ಒಣಗಿ ಬಿರಿಯುವುದರಿಂದ ಅದನ್ನು ಅಲುಗದ ಗಡಿಗೆ ಒಲೆಗಳಿಗೆ ಮೀಸಲಿಡಿ.

ಅಂಗಳ

ಹಲಗೆಯ ಮೇಲೆ ಫೆವಿಕಾಲ್ ಬಳಿದು, ಬಟ್ಟೆಯಲ್ಲಿ ಸೋಸಿದ ಕೆಂಪುಮಣ್ಣನ್ನು ಉದುರಿಸಿ ಅಂಟಿಸಿ. ಸಡಿಲ ಮಣ್ಣು ಪ್ರತಿ ಸ್ಪರ್ಶಕ್ಕೂ ಜಾಗ ಬದಲಿಸಿ, ಪರದೆಯ ಮೇಲೆ ನೆಲವೇ ಇರುವೆ ಗೂಡಿನಂತೆ ಮಿಸುಕಾಡುತ್ತದೆ. ಉಳಿದ ಸಾಮಗ್ರಿಗಳನ್ನು ಆರಿಸುವಾಗ ಹತ್ತರ ಲೆಕ್ಕವನ್ನು ಮರೆಯಬೇಡಿ. ಒಂದು ಅಂಗುಲ ದಪ್ಪದ ಕಬ್ಬಿನ ಜಲ್ಲೆ ಈ ಅಳತೆಯಲ್ಲಿ 2.5 ಮಿಲಿಮೀಟರ್, ತೆಂಗಿನ ಗರಿಯ ಕಡ್ಡಿ ಪೊರಕೆಯ ದಪ್ಪ ಕಡ್ಡಿಗೆ ಗೆಣ್ಣು ಗೆಣ್ಣಾಗಿ ನೇರಳೆ ಬಣ್ಣ ಹಚ್ಚಿ, ತುದಿಗೆ ಹಸಿರು ಕಾಗದದ ಸೋಗೆ ಅಂಟಿಸಿದರೆ ಅದು ಅಚ್ಚುಕಟ್ಟಾದ ಕಬ್ಬು. ನಿಜವಾದ ಎಳ್ಳು ಇಲ್ಲಿ ಲಿಂಬೆಹಣ್ಣಿನ ಗಾತ್ರದ್ದಾಗಿ ಕಾಣುತ್ತದೆ, ಹಾಗಾಗಿ ತಟ್ಟೆಯ ಎಳ್ಳುಬೆಲ್ಲಕ್ಕೆ ಬಣ್ಣ ಹಾಕಿದ ಚಿರೋಟಿ ರವೆ ಬಳಸಿ. ಸಕ್ಕರೆ ಅಚ್ಚನ್ನು ಬಿಳಿ ಕ್ಲೇಯಲ್ಲಿ ಮಾಡಿ; ನಿಜದ್ದನ್ನು ಇಟ್ಟರೆ ಗಾತ್ರವೂ ಹೊಂದುವುದಿಲ್ಲ, ಇರುವೆಗಳೂ ಚಿತ್ರದಲ್ಲಿ ಪಾಲು ಕೇಳುತ್ತವೆ.

ರಂಗೋಲಿ ತಾನಾಗಿ ಮೂಡುವ ಶಾಟು ಹಬ್ಬದ ಚಿತ್ರಕ್ಕೆ ಬಲು ಒಪ್ಪುತ್ತದೆ, ಮಾಡುವುದಕ್ಕೂ ಸುಲಭ. ಮೊದಲು ಚುಕ್ಕಿ ರಂಗೋಲಿಯನ್ನು ಪೂರ್ತಿ ಬಿಡಿಸಿ, ಮೇಲಿನಿಂದ ನೇರ ಕೆಳಗೆ ನೋಡುವಂತೆ ಕ್ಯಾಮೆರಾ ನಿಲ್ಲಿಸಿ, ಒಂದೊಂದು ಚಿತ್ರಕ್ಕೂ ಗೆರೆಯ ಒಂದಿಷ್ಟನ್ನು ತೆಳು ಕುಂಚದಿಂದ ಗುಡಿಸುತ್ತಾ ಬನ್ನಿ. ಚುಕ್ಕಿಗಳನ್ನು ಕೊನೆಗೆ ತೆಗೆಯಿರಿ. ಚಿತ್ರಗಳನ್ನು ಹಿಂದುಮುಂದಾಗಿ ಜೋಡಿಸಿದಾಗ ಮೊದಲು ಚುಕ್ಕಿ, ಆಮೇಲೆ ಗೆರೆ, ಸರಿಯಾದ ಕ್ರಮದಲ್ಲಿಯೇ ರಂಗೋಲಿ ಬೆಳೆಯುತ್ತದೆ. ಮುಂದಕ್ಕೆ ಬಿಡಿಸುತ್ತ ಹೋದರೆ ಪ್ರತಿ ಸಲವೂ ಪುಡಿ ಚೆದುರಿ, ಕೈ ನಡುಗಿ, ಗೆರೆ ಕೂಡಿಬರುವುದು ಕಷ್ಟ.

ಬೆಳಕು ಮತ್ತು ಕ್ಯಾಮೆರಾ

ಕಿಟಕಿಗಳನ್ನು ದಪ್ಪ ಬಟ್ಟೆಯಿಂದ ಪೂರ್ತಿ ಮುಚ್ಚಿ, ಇಲ್ಲವೇ ರಾತ್ರಿ ಕೆಲಸ ಮಾಡಿ. ಒಂದು ಶಾಟಿಗೆ ಎರಡು ಗಂಟೆ ಹಿಡಿದರೆ ಅಷ್ಟರಲ್ಲಿ ಬಿಸಿಲು ಕೋಣೆಯನ್ನು ಅರ್ಧ ಸುತ್ತಿರುತ್ತದೆ, ಪರದೆಯ ಮೇಲೆ ಅದು ಐದು ಸೆಕೆಂಡಿನಲ್ಲಿ ನಡೆದುಹೋಗುತ್ತದೆ. ದೊಡ್ಡ ದೀಪವೊಂದನ್ನು ಪಕ್ಕದಿಂದ ಇಟ್ಟು, ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ನೆರಳು ಹದವಾಗುತ್ತದೆ. ಸಂಜೆಯ ದೃಶ್ಯಕ್ಕೆ ದೀಪದ ಮುಂದೆ ಹಳದಿ ಕಿತ್ತಳೆ ಜಿಲೆಟಿನ್ ಹಾಳೆ ಹಿಡಿಸಿ.

ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದುದರಿಂದ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತಿರುತ್ತದೆ. ಶಟರ್ ವೇಗ, ಎಂದರೆ ಕ್ಯಾಮೆರಾ ಕಣ್ಣು ತೆರೆದು ಮುಚ್ಚುವ ವೇಗ, ಹೆಚ್ಚಾಗಿದ್ದರೆ ಒಂದು ಚಿತ್ರ ಬೆಳ್ಳಗೂ ಮತ್ತೊಂದು ಮಬ್ಬಾಗಿಯೂ ಬಂದು ಚಿತ್ರವಿಡೀ ಮಿನುಗುತ್ತದೆ. ಗೊಂಬೆ ಹೇಗೂ ಅಲುಗದೆ ನಿಂತಿರುವುದರಿಂದ ಶಟರನ್ನು ಸೆಕೆಂಡಿನ 1/25ರಷ್ಟು ನಿಧಾನಕ್ಕೆ ಇಳಿಸಿದರೆ ಮಿನುಗು ಬಹುಮಟ್ಟಿಗೆ ಹೋಗುತ್ತದೆ. ಸಾಮಾನ್ಯ ಫೋನು ಸಾಕು, ಆದರೆ ಫೋಕಸ್, ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ), ಬಿಳಿ ಬಣ್ಣದ ಸಮತೋಲನ ಈ ಮೂರನ್ನೂ ಕಟ್ಟಿಹಾಕಲು ಬಿಡುವ ಆ್ಯಪ್ ಇರಬೇಕು. ‘ಸ್ಟಾಪ್ ಮೋಷನ್ ಸ್ಟುಡಿಯೋ’ ಅದಕ್ಕೆ ಒದಗುತ್ತದೆ. ಕಂಪ್ಯೂಟರಿಗೆ ಕ್ಯಾಮೆರಾ ಜೋಡಿಸಿ ಕೆಲಸ ಮಾಡುವ ವೃತ್ತಿಪರರು ‘ಡ್ರ್ಯಾಗನ್‌ಫ್ರೇಮ್’ ಬಳಸುತ್ತಾರೆ. ಎರಡರಲ್ಲೂ ಹಿಂದಿನ ಚಿತ್ರವನ್ನು ಮಸುಕಾಗಿ ಈಗಿನ ದೃಶ್ಯದ ಮೇಲೆ ತೋರಿಸುವ ಸೌಲಭ್ಯವಿದೆ; ಗೊಂಬೆ ಎಷ್ಟು ಸರಿದಿದೆ ಎಂಬುದನ್ನು ಅಳೆಯಲು ಇದೇ ಕಣ್ಣು.

ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಬ್ಲೂಟೂತನ್ನು ಮಾತ್ರ ಮತ್ತೆ ಆನ್ ಮಾಡಿ, ಚಾರ್ಜರ್ ಸಿಕ್ಕಿಸಿ, ಪರದೆ ಮುಟ್ಟದೆ ಬ್ಲೂಟೂತ್ ರಿಮೋಟಿನಿಂದ ಕ್ಲಿಕ್ಕಿಸಿ. ಟ್ರೈಪಾಡಿನ ಕಾಲುಗಳನ್ನೂ ಮೇಜಿನ ಕಾಲುಗಳನ್ನೂ ನೆಲಕ್ಕೆ ಟೇಪು ಹಾಕಿ ಬಿಗಿಯಿರಿ. ಕಪ್ಪು ಬಟ್ಟೆ ತೊಟ್ಟು, ಪ್ರತಿ ಚಿತ್ರಕ್ಕೂ ಒಂದೇ ಜಾಗದಲ್ಲಿ ನಿಲ್ಲಿ. ಬಿಳಿ ಅಂಗಿಯಿಂದ ಪ್ರತಿಫಲಿಸುವ ಬೆಳಕೂ ಚಿತ್ರದಲ್ಲಿ ಕಾಣುತ್ತದೆ. ಕರೆಂಟು ಹೋಗಿ ಬಂದರೆ ದೀಪದ ಬಣ್ಣ ತುಸು ಬದಲಾದೀತು, ಆದ್ದರಿಂದ ದೀಪಗಳನ್ನು ಇನ್ವರ್ಟರಿಗೆ ಜೋಡಿಸಿ, ಒಂದು ಶಾಟನ್ನು ಒಂದೇ ಕೂರುವಿಕೆಯಲ್ಲಿ ಮುಗಿಸುವುದು ಲೇಸು. ಕ್ಯಾಮೆರಾವನ್ನು ಹೋರಿಯ ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸಿ. ಮೇಲಿನಿಂದ ನೋಡಿದರೆ 12 ಸೆಂಟಿಮೀಟರಿನ ಆಟಿಕೆ. ಕೆಳಗಿನಿಂದ ನೋಡಿದರೆ ಎದೆಯುಬ್ಬಿಸಿ ನಿಂತ ಹೋರಿ.

ನಡಿಗೆ, ನಿಲುವು, ಜಿಗಿತ

ರಾಸು ನಿಧಾನವಾಗಿ ನಡೆಯುವಾಗ ಕಾಲೂರುವ ಕ್ರಮ ಹೀಗಿರುತ್ತದೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಹಿಂಗಾಲು ಬಂದು ಊರುವುದು ಮುಂಗಾಲು ಈಗಷ್ಟೇ ಬಿಟ್ಟ ಜಾಗದ ಹತ್ತಿರದಲ್ಲಿ. ನಾಲ್ಕು ಕಾಲೂ ಒಂದು ಸುತ್ತು ಮುಗಿಸಲು 16 ಚಿತ್ರ ಕೊಡಿ. ಮೇಲೆತ್ತಿದ ಕಾಲನ್ನು ಆಡಿಸುವುದರಲ್ಲಿಯೇ ಮೈಮರೆತು ಮೈಯನ್ನು ಮರೆಯುವುದು ಸಾಮಾನ್ಯ. ಭಾರ ಇರುವುದು ಎತ್ತಿದ ಕಾಲಿನಲ್ಲಲ್ಲ, ಊರಿದ ಕಾಲಿನಲ್ಲಿ. ಪ್ರತಿ ಹೆಜ್ಜೆಗೂ ಭುಜ ಆ ಬದಿಗೆ ಒಂದೆರಡು ಮಿಲಿಮೀಟರ್ ಕುಸಿಯಬೇಕು, ತಲೆ ಸ್ವಲ್ಪ ತೂಗಬೇಕು. ಸಂತೆಗೆ ಹೋಗಿ ನಡೆಯುವ ಎತ್ತುಗಳನ್ನು ಪಕ್ಕದಿಂದ ವಿಡಿಯೊ ಮಾಡಿಕೊಂಡು, ಒಂದೊಂದೇ ಫ್ರೇಮು ಸರಿಸಿ ನೋಡುವುದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

ಬೆಂಕಿಯ ಮುಂದೆ ಹೋರಿ ನಿಂತುಬಿಡುವ ಕ್ಷಣಕ್ಕೆ ಪೂರ್ತಿ ಮೂರು ಸೆಕೆಂಡು ಕೊಡಿ. ಹೊಸಬರು ಗೊಂಬೆ ಸದಾ ಅಲುಗುತ್ತಿದ್ದರೆ ಜೀವಂತವೆಂದು ಭಾವಿಸುತ್ತಾರೆ, ಆದರೆ ಜೀವದ ಗುರುತು ಕಾಣುವುದು ಅದು ಸುಮ್ಮನಿರುವಾಗ. ಮೈ ಕಲ್ಲಿನಂತಿರಲಿ, ಒಂದು ಕಿವಿ ಹಿಂದಕ್ಕೆ ತಿರುಗಲಿ, ಬಾಲದ ತುದಿ ಒಮ್ಮೆ ಬಡಿಯಲಿ, ಕಣ್ಣು ಒಮ್ಮೆ ಮಿಟುಕಲಿ. ಮಿಟುಕಿಗೆ ಅರ್ಧ ಮುಚ್ಚಿದ, ಪೂರ್ತಿ ಮುಚ್ಚಿದ, ಅರ್ಧ ತೆರೆದ ಮೂರು ಚಿತ್ರಗಳು ಸಾಕು.

ಇನ್ನು ಜಿಗಿತ. ಚಿತ್ರದ ಗೆಲುವು ಸೋಲು ಇಲ್ಲಿದೆ, ಆದ್ದರಿಂದ ಕಾಗದದ ಮೇಲೆ ಲೆಕ್ಕ ಹಾಕಿಯೇ ಮುಂದುವರಿಯಬೇಕು. ನಿಜದ ಹೋರಿಯ ಮೈ ಸುಮಾರು 55 ಸೆಂಟಿಮೀಟರ್ ಮೇಲೇಳುತ್ತದೆಂದು ಇಟ್ಟುಕೊಂಡರೆ, ಗುರುತ್ವದ ಲೆಕ್ಕದಂತೆ ತುದಿಯಿಂದ ನೆಲಕ್ಕೆ ಬೀಳಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು, ಎಂದರೆ 4 ಚಿತ್ರ; ಏರಲೂ ಅಷ್ಟೇ. ನಮ್ಮ ಅಳತೆಯಲ್ಲಿ ಎತ್ತರ 5.5 ಸೆಂಟಿಮೀಟರ್. ತುದಿಯಿಂದ ಇಳಿಯುವಾಗ ಮೊದಲ ಚಿತ್ರಕ್ಕೆ ಬರಿಯ 0.3, ಎರಡನೆಯದಕ್ಕೆ ಒಟ್ಟು 1.4, ಮೂರನೆಯದಕ್ಕೆ 3.1, ನಾಲ್ಕನೆಯದಕ್ಕೆ 5.5 ಸೆಂಟಿಮೀಟರ್ ಕೆಳಗೆ ಬಂದಿರಬೇಕು. ಏರುವಾಗ ಇದೇ ಅಂಕಿಗಳು ತಿರುಗುಮುರುಗು. ಸಮಸಮವಾಗಿ ಸರಿಸಿದರೆ ಹೋರಿ ಲಿಫ್ಟಿನಲ್ಲಿ ಹತ್ತಿ ಇಳಿದಂತಿರುತ್ತದೆ. ತುದಿಯಲ್ಲಿ ನಿಧಾನ, ನೆಲದ ಬಳಿ ವೇಗ ಎಂಬ ಈ ಅಂತರವೇ ಅದಕ್ಕೆ ತೂಕ ಕೊಡುತ್ತದೆ.

ಗಾಳಿಯಲ್ಲಿರುವುದು ಎಂಟೇ ಚಿತ್ರವಾದರೂ ಅದರ ಹಿಂದು ಮುಂದಿನ ಕೆಲಸ ಹೆಚ್ಚು. ಜಿಗಿಯುವ ಮೊದಲು ಆರು ಚಿತ್ರಗಳಲ್ಲಿ ಹಿಂಗಾಲು ಮಡಿಸಿ ಮೈಯನ್ನು ಹಿಂದಕ್ಕೆ ತಗ್ಗಿಸಿ, ಕೊನೆಯ ಭಂಗಿಯನ್ನು ಇನ್ನೆರಡು ಚಿತ್ರ ಹಾಗೆಯೇ ನಿಲ್ಲಿಸಿ. ಇಳಿಯುವಾಗ ಮುಂಗಾಲು ಮೊದಲು ತಾಗಿ, ಎದೆ ಕುಸಿದು, ಹಿಂಗಾಲು ಆಮೇಲೆ ಬಂದು, ಆರೇಳು ಚಿತ್ರಗಳಲ್ಲಿ ಮೈ ಮತ್ತೆ ಮೇಲೇರಲಿ. ಕೊರಳ ಹಾರವೂ ಬಾಲವೂ ಒಂದೆರಡು ಚಿತ್ರ ತಡವಾಗಿ ನೆಲೆಗೊಳ್ಳಲಿ. ಗಾಳಿಯಲ್ಲಿ ಹಿಡಿದಿಡಲು ಹೊಟ್ಟೆಯ ಹಿಂಬದಿಗೆ, ಕ್ಯಾಮೆರಾಕ್ಕೆ ಕಾಣದ ಕಡೆ, ಒಂದು ನಟ್ಟನ್ನಿಟ್ಟು ಅದಕ್ಕೆ ದಪ್ಪ ಕಂಬಿ ಸಿಕ್ಕಿಸಿ, ಕಂಬಿಯನ್ನು ಭಾರವಾದ ಸ್ಟ್ಯಾಂಡಿಗೆ ಬಿಗಿಯಿರಿ. ಹೋರಿಯನ್ನು ಇಡುವ ಮೊದಲು ಖಾಲಿ ಅಂಗಳದ ಚಿತ್ರವೊಂದನ್ನು ತೆಗೆದಿಟ್ಟುಕೊಂಡಿದ್ದರೆ, ಕಂಬಿ ಕಾಣುವ ಜಾಗದಲ್ಲಿ ಆ ಖಾಲಿ ಚಿತ್ರದ ತುಂಡನ್ನು ಕೂರಿಸಿ ಕಂಬಿಯನ್ನು ಅಳಿಸಬಹುದು. ‘ಗಿಂಪ್’ನಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು.

ಕಿಚ್ಚು

ನಿಜವಾದ ಬೆಂಕಿ ಬೇಡವೇ ಬೇಡ. ಅಪಾಯದ ಮಾತು ಒತ್ತಟ್ಟಿಗಿರಲಿ, ಬೆಂಕಿ ನಮಗಾಗಿ ಕಾಯುವುದಿಲ್ಲ. ಎರಡು ಚಿತ್ರಗಳ ನಡುವೆ ಹುಲ್ಲು ಉರಿದು ಬೂದಿಯಾಗಿರುತ್ತದೆ. ಕೆಂಪು, ಹಳದಿ ಜಿಲೆಟಿನ್ ಹಾಳೆಗಳನ್ನು ಮುದುರಿ, ನಾಲಗೆಯ ಆಕಾರಕ್ಕೆ ಕತ್ತರಿಸಿ, ಹತ್ತು ಬಗೆಯ ಜ್ವಾಲೆಗಳನ್ನು ಮಾಡಿಕೊಂಡು ಪ್ರತಿ ಚಿತ್ರಕ್ಕೂ ಬದಲಿಸಿ. ಒಂದೇ ಸರದಿಯಲ್ಲಿ ಬಂದರೆ ಕಣ್ಣಿಗೆ ಲಯ ಸಿಕ್ಕಿಬಿಡುತ್ತದೆ. ಆದ್ದರಿಂದ ಕ್ರಮವನ್ನು ಕಲಸಿ. ಹುಲ್ಲಿನ ಹಿಂದೆ ಪುಟ್ಟ ಕಿತ್ತಳೆ ದೀಪವನ್ನು ಅಡಗಿಸಿ, ಅದರ ಮುಂದಿನ ಹಾಳೆಯನ್ನು ಚಿತ್ರಕ್ಕೊಮ್ಮೆ ತುಸು ತಿರುಗಿಸಿದರೆ ಹೋರಿಯ ಎದೆಯ ಮೇಲೆ ಬೆಳಕು ಕುಣಿಯುತ್ತದೆ. ಹೊಗೆಗೆ ತೆಳುವಾಗಿ ಹಿಂಜಿದ ಹತ್ತಿ. ಮೈಸೂರಿನ ಪಕ್ಕದ ಸಿದ್ದಲಿಂಗಪುರದಲ್ಲಿ ಸಂಕ್ರಾಂತಿಯಂದು ನಡೆಯುವ ಕಿಚ್ಚು ನೋಡಲು ಜನ ಸೇರುತ್ತಾರೆ. ಅಲ್ಲಿ ಗಮನಿಸಬೇಕಾದದ್ದು ಜ್ವಾಲೆಯನ್ನಲ್ಲ, ಅದರ ಬೆಳಕು ರಾಸುಗಳ ಮೈಮೇಲೆಯೂ ಜನರ ಮುಖದ ಮೇಲೆಯೂ ಹೇಗೆ ಬೀಳುತ್ತದೆ ಎಂಬುದನ್ನು.

ಮಾತು, ಸದ್ದು, ಜೋಡಣೆ

ಮೊದಲ ಚಿತ್ರದಲ್ಲಿ ಮಾತು ಕಡಿಮೆ ಇದ್ದಷ್ಟೂ ಒಳ್ಳೆಯದು. 1993ರ ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ಚಿತ್ರದ ನಾಯಕ ಜ್ಯಾಕ್ ಒಬ್ಬನಿಗೇ ಬೇರೆ ಬೇರೆ ಮುಖಭಾವದ ನಾನೂರರಷ್ಟು ತಲೆಗಳನ್ನು ಮಾಡಿದ್ದರು. ನಮಗೆ ಆರು ಬಾಯಿಗಳು ಸಾಕು: ಮುಚ್ಚಿದ್ದು, ಅರೆತೆರೆದದ್ದು, ‘ಆ’ಕಾರದ್ದು, ‘ಇ’ಕಾರದ್ದು, ‘ಉ’ಕಾರದ್ದು, ಕೆಳತುಟಿಗೆ ಹಲ್ಲು ತಾಗಿದ ‘ವ’ಕಾರದ್ದು. ತುಟಿ ಮುಚ್ಚುವ ಪ, ಬ, ಮಗಳನ್ನು ತಪ್ಪಿಸಿದರೆ ನೋಡುಗರಿಗೆ ಕೂಡಲೇ ತಿಳಿಯುತ್ತದೆ, ಉಳಿದವು ಹೆಚ್ಚು ಕಡಿಮೆಯಾದರೂ ನಡೆಯುತ್ತದೆ. ಹುಡುಗಿ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು’ ಎಂದು ಹೋರಿಗೆ ಹೇಳುವುದಾದರೆ ‘ಬೆ’ ಮತ್ತು ‘ಮಾ’ಗಳಿಗೆ ಸರಿಯಾಗಿ ಬಾಯಿ ಮುಚ್ಚಿದ್ದರೆ ಅರ್ಧ ಕೆಲಸ ಮುಗಿಯಿತು.

ತಮಟೆಯ ಸದ್ದನ್ನು ಚಿತ್ರೀಕರಣಕ್ಕೆ ಮೊದಲೇ ಧ್ವನಿಮುದ್ರಿಸಿಕೊಳ್ಳಬೇಕು. ನಿಮಿಷಕ್ಕೆ 120 ಪೆಟ್ಟಿನ ನಡೆಯಾದರೆ ಪ್ರತಿ ಪೆಟ್ಟಿಗೂ ಸರಿಯಾಗಿ 6 ಚಿತ್ರಗಳು ಬರುತ್ತವೆ. ಹೆಜ್ಜೆಯನ್ನೂ ಜಿಗಿತದ ಇಳಿತವನ್ನೂ ಪೆಟ್ಟಿನ ಮೇಲೆ ಕೂರಿಸಬಹುದು. ಭಾರದ ಅರ್ಧಭಾಗ ಕಿವಿಯಿಂದಲೇ ಬರುತ್ತದೆ. ಗೊರಸಿನ ಸದ್ದಿಗೆ ತೆಂಗಿನ ಚಿಪ್ಪನ್ನು ಮಣ್ಣಿನ ಮೇಲೆ ಬಡಿಯಿರಿ, ಇಳಿಯುವ ಗಳಿಗೆಗೆ ತುಂಬಿದ ಗೋಣಿಚೀಲವನ್ನು ನೆಲಕ್ಕೆ ಕೆಡವಿದ ಸದ್ದನ್ನು ಬೆರೆಸಿ. ಕಿಚ್ಚಿನ ಚಟಪಟಕ್ಕೆ ಉಳಿದ ಜಿಲೆಟಿನ್ ಹಾಳೆಯನ್ನು ಮೈಕಿನ ಹತ್ತಿರ ಮುದುರಿದರೆ ಆಯಿತು.

ಜೋಡಿಸುವಾಗ ‘ಡಾವಿಂಚಿ ರಿಸಾಲ್ವ್’ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯೇ ಸಾಕಾಗುತ್ತದೆ. ಟೈಮ್‌ಲೈನನ್ನು ಸೆಕೆಂಡಿಗೆ 24 ಫ್ರೇಮಿಗಿಟ್ಟು, ಪ್ರತಿ ಚಿತ್ರವೂ ಎರಡು ಫ್ರೇಮು ನಿಲ್ಲುವಂತೆ ಹೊಂದಿಸಿ. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವನ್ನು ತಾನೇ ಹುಟ್ಟಿಸಿ ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ಬಳಸಬೇಡಿ. ತುದಿಯಲ್ಲಿ ನಿಧಾನ, ನೆಲದ ಬಳಿ ವೇಗ ಎಂದು ಅಳೆದು ಇಟ್ಟ ಅಂತರಗಳನ್ನು ಅದು ಕಲಸಿಹಾಕಿ ಹೋರಿಯನ್ನು ಮತ್ತೆ ತೇಲಿಸುತ್ತದೆ. ಮೂಲಚಿತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟ ನಂತರವೇ ಅಂಗಳವನ್ನು ಬಿಚ್ಚಿ, ಏಕೆಂದರೆ ಕೆಟ್ಟುಹೋದ ಒಂದೇ ಒಂದು ಫ್ರೇಮನ್ನು ಮತ್ತೆ ತೆಗೆಯಬೇಕಾದರೂ ದೀಪ, ಹಲಗೆ, ಕ್ಯಾಮೆರಾ ಮೂರೂ ಅದೇ ಜಾಗದಲ್ಲಿ ಇರಬೇಕಾಗುತ್ತದೆ.